ಬಟ್ಟೆ ಚೀಲದಲ್ಲಿ ನೂರನಲವತ್ತು ಕೋಟಿ

ಬೆಂಗಳೂರಿನ ವೈಯಾಲಿಕಾವಲ್‌ನಿಂದ ಎಸ್.ಪಿ. ರೋಡಿಗೆ ಹೆಚ್ಚೆಂದರೆ ಐದಾರು ಕಿಲೋಮೀಟರು. ಬುತ್ತಿ ಕಟ್ಟಬೇಕಿಲ್ಲ, ರಜೆ ಹಾಕಬೇಕಿಲ್ಲ, ಸಂಜೆ ಕಾಫಿ ಹೊತ್ತಿಗೆ ಮನೆಗೆ ಬಂದುಬಿಡಬಹುದು. ಆದರೂ ಇದನ್ನು ಪ್ರವಾಸ ಕಥನವೆಂದೇ ಬರೆಯುತ್ತಿದ್ದೇನೆ. ಹಂಪಿಯ ಬಂಡೆಗಳ ನಡುವೆ ನಿಂತು ಬೆರಗಾದವನು ನಾನು, ಆಗುಂಬೆಯ ಮಳೆಯಲ್ಲಿ ಮಾತು ಮರೆತವನು. ಎಸ್.ಪಿ. ರೋಡು, ಅಂದರೆ ಸದರ್ ಪತ್ರಪ್ಪ ರಸ್ತೆಯ ಒಂದು ಗಲ್ಲಿ ಅವಕ್ಕಿಂತ ದೂರ ಕರೆದೊಯ್ದಿತು.

ಅಕ್ಕನ ಮಗಳು ಈ ವರ್ಷ ಬಿ.ಎಸ್ಸಿ. ಸೇರಿದಳು. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್. ಮನೆಯಲ್ಲಿ ಕಂಪ್ಯೂಟರಿಲ್ಲ. ಲ್ಯಾಪ್‌ಟಾಪ್ ವಿಚಾರಿಸಿದರೆ ಅವಳಿಗೆ ಹಿಡಿಸಿದ್ದೆಲ್ಲ 40,000 ರೂಪಾಯಿ ದಾಟುತ್ತಿತ್ತು. ಅಕ್ಕ ಎತ್ತಿಟ್ಟಿದ್ದು 15,000. ಪಕ್ಕದ ಮನೆಯ ರಾಯರಿಗೆ ವಿಷಯ ತಿಳಿಯಿತು. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡುಗಳನ್ನು ಪರೀಕ್ಷೆ ಮಾಡುತ್ತ ನಿವೃತ್ತರಾದವರು ಅವರು. ಕಾಂಪೌಂಡಿನ ಆಚೆಯಿಂದಲೇ ಹೇಳಿದರು: "ಅಷ್ಟು ದುಡ್ಡಲ್ಲಿ ಒಳ್ಳೇ ಮೆಷೀನೇ ಆಗುತ್ತೆ ಕಣಮ್ಮ. ಅರ್ಧ ನಮ್ಮ ಅಟ್ಟದ ಮೇಲಿದೆ, ಉಳಿದರ್ಧ ಎಸ್.ಪಿ. ರೋಡಲ್ಲಿದೆ. ಹೋಗಿ ತರೋಣ."

ಅಟ್ಟದಿಂದ ಇಳಿದದ್ದು ಧೂಳು ಮೆತ್ತಿದ ಕಪ್ಪು ಕ್ಯಾಬಿನೆಟ್ಟು, ಹತ್ತೊಂಬತ್ತು ಇಂಚಿನ ಮಾನಿಟರು, ದುಂಡನೆ ಪಿನ್ನಿನ ಕೀಬೋರ್ಡು. ಕ್ಯಾಬಿನೆಟ್ಟಿನ ಒಳಗಿದ್ದ ಮದರ್‌ಬೋರ್ಡು ಎಂದೋ ಸತ್ತಿತ್ತು. ಡಬ್ಬಿ ಮಾತ್ರ ಗಟ್ಟಿಮುಟ್ಟು. ರಾಯರು ಅದರ ತಗಡಿನ ಮೇಲೆ ಎದ್ದು ನಿಂತ ಹಿತ್ತಾಳೆ ಕಾಲುಗಳನ್ನು ಮುಟ್ಟಿ ತೋರಿಸಿದರು. ಇವತ್ತು ಹೊಸ ಬೋರ್ಡು ತಂದರೂ ಅದರ ತೂತುಗಳು ಇದೇ ಕಾಲುಗಳ ಮೇಲೆ ಕೂರುತ್ತವೆ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ಪ್ರಕಟಿಸಿತು. ಸ್ಕ್ರೂ ತೂತು ಎಲ್ಲಿರಬೇಕು, ಕರೆಂಟಿನ ಕನೆಕ್ಟರ್ ಹೇಗಿರಬೇಕು, ಹಿಂಬದಿಯ ಕಿಂಡಿ ಎಷ್ಟು ಅಗಲ ಎಂಬುದೆಲ್ಲ ಅದರಲ್ಲಿದೆ. ತೈವಾನಿನವನೊಬ್ಬ, ಚೀನಾದವನೊಬ್ಬ, ಒಬ್ಬರ ಮುಖ ಒಬ್ಬರು ನೋಡದವರು ಆ ಅಳತೆಗೆ ನಿಷ್ಠರಾಗಿ ಮೂವತ್ತು ವರ್ಷ ಸಾಮಾನು ಮಾಡಿದ್ದಾರೆ. ಮಾನಿಟರಿನ ನೀಲಿ ವಿಜಿಎ ಕನೆಕ್ಟರು, ಕೀಬೋರ್ಡಿನ ಪಿಎಸ್/2 ಪಿನ್ನು ಇನ್ನೂ ಹಳೆಯವು. ಎರಡೂ 1987ರಲ್ಲಿ ಐಬಿಎಂನ ಒಂದೇ ಯಂತ್ರಮಾಲೆಯ ಜೊತೆ ಬಂದವು. ಅಟ್ಟದ ಮೇಲಿನ ಸಾಮಾನಿಗೆ ಇನ್ನೂ ಬಾಳಿದೆಯೆಂದರೆ ಅದು ಈ ಒಪ್ಪಂದಗಳ ಪುಣ್ಯ. ಇದು ನನಗೆ ಹೊಳೆದದ್ದು ಆಗಲೇ, ಇನ್ನೂ ಮನೆ ಬಿಡುವ ಮೊದಲೇ.

ಹೊರಟೆವು. ರಾಯರ ಹೆಗಲಿಗೆ ಬಟ್ಟೆ ಚೀಲ, ಅದರಲ್ಲಿ ಮಲ್ಟಿಮೀಟರು ಮತ್ತು ಸ್ಕ್ರೂಡ್ರೈವರು. ದಾರಿಯಲ್ಲಿ ಚೌಡಯ್ಯ ಸ್ಮಾರಕ ಭವನ. ಪಿಟೀಲಿನ ಆಕಾರದಲ್ಲಿ ಕಟ್ಟಿದ ಈ ಸಭಾಂಗಣ 1980ರಿಂದ ಇಲ್ಲಿದೆ. ನಮಗೆ ದಿನವೂ ಕಾಣುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಅವತ್ತು ಬಿತ್ತು. ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು. ಮೈಕಿಲ್ಲದ ಕಾಲ, ದೊಡ್ಡ ಸಭೆಯ ಕೊನೆಯ ಸಾಲಿಗೆ ನಾದ ಮುಟ್ಟುತ್ತಿರಲಿಲ್ಲ. ಕೈಗೆ ಬಂದ ವಾದ್ಯವನ್ನು ಬಂದ ಹಾಗೆಯೇ ಒಪ್ಪಿಕೊಳ್ಳದೆ ತಮ್ಮ ಅಗತ್ಯಕ್ಕೆ ತಿದ್ದಿಕೊಂಡರು. ಅಂಥವರ ಹೆಸರಿನ ಕಟ್ಟಡವಿರುವ ಬಡಾವಣೆಯಿಂದ ಬಿಡಿಭಾಗ ತರಲು ಹೊರಟಿದ್ದೇವೆ ಎಂಬುದು ಹೆಜ್ಜೆಗೆ ಹುರುಪು ಕೊಟ್ಟಿತು.

ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿದರೆ ಮುಂದಿನದು ಮೆಜೆಸ್ಟಿಕ್, ಆಮೇಲೆ ಚಿಕ್ಕಪೇಟೆ. 2017ರ ಜೂನ್‌ನಲ್ಲಿ ಈ ಸುರಂಗ ದಾರಿ ತೆರೆಯುವ ಮುನ್ನ ಇದೇ ದೂರಕ್ಕೆ ಬಸ್ಸಿನಲ್ಲಿ ಬೆವರಿಳಿಯುತ್ತಿತ್ತು. ರೈಲಿನಲ್ಲಿ ರಾಯರು ಸಿಂಪ್ಯೂಟರ್ ಕಥೆ ತೆಗೆದರು. ಬಡವರ ಕೈಗೆಟುಕುವ ಕಂಪ್ಯೂಟರು ಮಾಡಬೇಕೆಂದು ಇದೇ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಜಿನಿಯರುಗಳೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಂಗೈ ಮೇಲೆ ಕೂರುವ ಯಂತ್ರ, ಅಕ್ಷರ ಬಾರದವರಿಗೆ ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶ. 2004ರಲ್ಲಿ ಬಿಇಎಲ್ ಅದನ್ನು ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ಹೆಚ್ಚು ಮಾರಾಟವಾಗಲಿಲ್ಲ. "ಕಾಲಕ್ಕಿಂತ ಮುಂಚೆ ಹುಟ್ಟಿತು," ಎಂದರು ರಾಯರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ: ಟಚ್ ಸ್ಕ್ರೀನಿನ ಫೋನು ಮನೆಮನೆಗೆ ಬರುವ ಎಷ್ಟೋ ವರ್ಷ ಮೊದಲು ನಮ್ಮೂರಿನ ಕೆಲವರು, ಕಂಪ್ಯೂಟರು ಕನ್ನಡದಲ್ಲಿ ಮಾತಾಡಬೇಕು, ಅದು ಹಳ್ಳಿಯವರ ಕೈಯಲ್ಲಿರಬೇಕು ಎಂದು ಹಟ ಹಿಡಿದು ಕೂತಿದ್ದರಲ್ಲ!

ಚಿಕ್ಕಪೇಟೆಯಲ್ಲಿ ಮೇಲೆ ಬಂದರೆ ಕಾಲ ಬದಲಾಗುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಇದು. ಅವರ ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ: ಒಂದೊಂದು ಕಸುಬಿಗೆ ಒಂದೊಂದು ಬೀದಿ. ಹೆಚ್ಚುಕಡಿಮೆ ಐದು ಶತಮಾನದ ಆ ಪದ್ಧತಿ ಇನ್ನೂ ಮುರಿದಿಲ್ಲ. ದೀಪ, ವೈರು ಬೇಕಿದ್ದರೆ ಬಿವಿಕೆ ಅಯ್ಯಂಗಾರ್ ರಸ್ತೆ, ಮೋಟಾರು ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಪುಸ್ತಕಕ್ಕೆ ಅವೆನ್ಯೂ ರಸ್ತೆ, ಕಂಪ್ಯೂಟರಿಗೆ ಎಸ್.ಪಿ. ರೋಡು. ಯಾವ ಸರ್ಕಾರವೂ ಇಲ್ಲಿ ಕಂಪ್ಯೂಟರ್ ಪೇಟೆ ಮಾಡಿ ಎಂದು ಆಜ್ಞೆ ಹೊರಡಿಸಲಿಲ್ಲ. ಒಂದು ಕಸುಬಿನವರು ಒಂದೆಡೆ ಸೇರುವುದು ಈ ಮಣ್ಣಿನ ಅಭ್ಯಾಸ.

ಅವೆನ್ಯೂ ರಸ್ತೆ ದಾಟುವಾಗ ಹಳೇ ಪುಸ್ತಕದ ಅಂಗಡಿ ಮುಂದೆ ಹುಡುಗಿ ನಿಂತುಬಿಟ್ಟಳು. ಎಂಜಿನಿಯರಿಂಗ್ ಪುಸ್ತಕಗಳ ಗೋಪುರ. ಒಬ್ಬ ಓದಿ ಮುಗಿಸಿ ಮಾರಿದ್ದನ್ನು ಇನ್ನೊಬ್ಬ ಕೊಳ್ಳುತ್ತಾನೆ, ಅವನೂ ಮುಗಿಸಿ ಇಲ್ಲಿಗೇ ತರುತ್ತಾನೆ. ಅಂಚಿನಲ್ಲಿ ಮೂರು ಬೇರೆ ಬೇರೆ ಕೈಬರಹ. ಅಲ್ಲಿಂದ ನಗರ್ತಪೇಟೆಯ ಸಂದಿಗಳು, ಜರಿಯಂಗಡಿಗಳು, ಹೆಗಲಿಗೆ ಹೆಗಲು ತಾಗುವ ಜನ, ತಲೆ ಮೇಲೆ ಮೂಟೆ ಹೊತ್ತು "ಸೈಡ್, ಸೈಡ್" ಎನ್ನುವ ಹಮಾಲರು. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವ ಧರ್ಮರಾಯಸ್ವಾಮಿ ದೇವಸ್ಥಾನ ಇಲ್ಲೇ. ಅದರ ಗೋಪುರದಿಂದ ಕೆಲವೇ ನಿಮಿಷ ನಡೆದರೆ ಗ್ರಾಫಿಕ್ಸ್ ಕಾರ್ಡುಗಳ ಬೋರ್ಡು ಕಾಣಿಸುತ್ತದೆ. ಇಷ್ಟು ಹತ್ತಿರ ಇಷ್ಟು ಬೇರೆಯಾದ ಎರಡು ಜಗತ್ತು ಇರುವ ಊರು ನನ್ನದು ಎಂಬ ಹೆಮ್ಮೆಯಿಂದ ನಾನು ನಡೆದೆ.

ಎಸ್.ಪಿ. ರೋಡಿನಲ್ಲಿ ಮೊದಲು ಕಣ್ಣು ಏನನ್ನೂ ಹಿಡಿಯುವುದಿಲ್ಲ. ಆರಡಿ ಅಗಲದ ಅಂಗಡಿಗಳು, ಸೂರಿನ ತನಕ ಡಬ್ಬಿಗಳು, ಕೇಬಲ್ಲಿನ ತೋರಣಗಳು. ಕನ್ನಡ, ಉರ್ದು, ತಮಿಳು, ಹಿಂದಿ, ಮಾರವಾಡಿ ಎಲ್ಲ ಒಂದೇ ಉಸಿರಿನಲ್ಲಿ. ಅಂಗಡಿ ಮುಂದೆ ನೆಲದ ಮೇಲೆ ಒಂದರ ಮೇಲೊಂದು ಪೇರಿಸಿಟ್ಟ ಆಫೀಸು ಕಂಪ್ಯೂಟರುಗಳು, ಎಲ್ಲವೂ ಒಂದೇ ಬಣ್ಣ, ಒಂದೇ ಆಕಾರ, ಮೇಲೆ ಅಂಟಿಸಿದ್ದ ಆಸ್ತಿ ಸಂಖ್ಯೆಯ ಚೀಟಿ ಅರ್ಧ ಕಿತ್ತುಹೋಗಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬಹುಮಟ್ಟಿಗೆ ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರುಗಳನ್ನಷ್ಟೇ ಒಪ್ಪುತ್ತದೆ. ಹಾಗಾಗಿ ಆರೋಗ್ಯವಾಗಿರುವ ಯಂತ್ರಗಳೇ ಹೊರಬಿದ್ದಿವೆ. ಒಂದು ಕಂಪನಿಯ ಪಟ್ಟಿಯಿಂದ ಹೆಸರು ಅಳಿಸಿದ್ದೇ ಇವುಗಳ ರೋಗ. ಈ ರಾಶಿಯನ್ನು ನೋಡಿ ನನಗೆ ಸಂಕಟವಾಯಿತು, ಇವನ್ನು ಬಿಚ್ಚಿ, ಒರೆಸಿ, ಪರೀಕ್ಷಿಸಿ ಮತ್ತೆ ಬಾಳಿಗೆ ಹಚ್ಚುವ ಈ ಬೀದಿಯ ಜನರ ಮೇಲೆ ಗೌರವ ಹುಟ್ಟಿತು.

"ಫೋರ್ತ್ ಜೆನ್ ಐ5 ಇದೆಯೇನಪ್ಪಾ?" ರಾಯರು ಒಂದು ಅಂಗಡಿಯಲ್ಲಿ ಕೇಳಿದರು.

"ಇದೆ ಸಾರ್. ಕೂತ್ಕೊಳ್ಳಿ. ಬೋರ್ಡಿಗೆ ಹಾಕಿ ಡಿಸ್‌ಪ್ಲೇ ತೋರಿಸಿಯೇ ಕೊಡೋದು ನಾವು."

ಹುಡುಗ ಇಪ್ಪತ್ತೆರಡರ ಆಸುಪಾಸಿನವನು. ಪ್ಲಾಸ್ಟಿಕ್ ಡಬ್ಬಿಯಿಂದ ಚೌಕನೆ ಬೆಳ್ಳಿಬಣ್ಣದ ಬಿಲ್ಲೆಯೊಂದನ್ನು ತೆಗೆದು ರಾಯರ ಅಂಗೈ ಮೇಲಿಟ್ಟ. ರಾಯರು ಅಂಚು ಹಿಡಿದು ಮಗುಚಿದರು: 1150 ಚಿನ್ನದ ಬಣ್ಣದ ಚುಕ್ಕಿಗಳು. ಒಂದೊಂದನ್ನೂ ಬೆಳಕಿಗೆ ಓರೆ ಹಿಡಿದು ನೋಡಿದರು. ಮತ್ತೆ ಮಗುಚಿ ನನ್ನ ಕಡೆ ಚಾಚಿದರು. ಇಂಟೆಲ್ ಕೋರ್ ಐ5-4570. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕೋಸ್ಟರೀಕಾ ಎಂದು ಕೆತ್ತಿದೆ. ಮಧ್ಯ ಅಮೆರಿಕದ ಆ ಪುಟ್ಟ ದೇಶದಲ್ಲಿ ಇಂಟೆಲ್ ಚಿಪ್ಪು ಜೋಡಿಸಿ ಪರೀಕ್ಷಿಸುವ ಘಟಕ ನಡೆಸುತ್ತಿತ್ತು. 2014ರಲ್ಲಿ ಅದನ್ನು ಮುಚ್ಚುವುದಾಗಿ ಘೋಷಿಸಿತು. ಈ ಚಿಪ್ಪಿನ ಕುಲ ಹುಟ್ಟಿದ್ದು 2013ರಲ್ಲಿ. ಅಂದರೆ ಆ ಕಾರ್ಖಾನೆಯ ಕೊನೆಯ ದಿನಗಳಲ್ಲಿ ಯಾರೋ ಒಬ್ಬ ಹೆಂಗಸೋ ಗಂಡಸೋ ಪರೀಕ್ಷಿಸಿ ಪಾಸು ಮಾಡಿದ ತುಣುಕು ಸಾಗರ ದಾಟಿ, ಯಾವುದೋ ಆಫೀಸಿನಲ್ಲಿ ಹತ್ತು ವರ್ಷ ಲೆಕ್ಕ ಬರೆದು, ಈಗ ವೈಯಾಲಿಕಾವಲ್‌ನ ರಾಯರ ಅಂಗೈಯಲ್ಲಿದೆ!

ಆ ಲೋಹದ ಮುಚ್ಚಳದ ಕೆಳಗಿನ ಸಿಲಿಕಾನ್ ತುಂಡಿನ ವಿಸ್ತೀರ್ಣ 177 ಚದರ ಮಿಲಿಮೀಟರು, ಹೆಬ್ಬೆಟ್ಟಿನ ಉಗುರಿನಷ್ಟು. ಅದರಲ್ಲಿ 140 ಕೋಟಿ ಟ್ರಾನ್ಸಿಸ್ಟರುಗಳು. ಈ ದೇಶದಲ್ಲಿ ಎಷ್ಟು ಜನರಿದ್ದಾರೋ ಹೆಚ್ಚುಕಡಿಮೆ ಅಷ್ಟು. ಸೆಕೆಂಡಿಗೆ 320 ಕೋಟಿ ಸಲ ಅದು ಮಿಡಿಯುತ್ತದೆ. ಒಂದು ಮಿಡಿತ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಬೆಳಕಿನ ಕಿರಣ ಒಂಬತ್ತೂವರೆ ಸೆಂಟಿಮೀಟರಿಗಿಂತ ಕಡಿಮೆ ದೂರ ಹೋಗಿರುತ್ತದೆ, ಅರ್ಧ ಗೇಣೂ ಅಲ್ಲ. ಬೆಲೆ ಕೇಳಿದೆವು. 1,500 ರೂಪಾಯಿ ಅಂದ ಹುಡುಗ. ಮಲ್ಲೇಶ್ವರದಲ್ಲಿ ನಾಲ್ಕು ಜನ ಹೋಟೆಲಲ್ಲಿ ಕೂತು ಊಟ ಮಾಡಿ ಎದ್ದರೆ ಆಗುವಷ್ಟು. ನಾನು ಚೌಕಾಸಿಗೆ ಬಾಯಿ ತೆರೆಯಲಿಲ್ಲ. ಆ ಹೊತ್ತಿನಲ್ಲಿ ನನಗೆ ಅದು ಸರಿ ಕಾಣಲಿಲ್ಲ.

ಚಿಪ್ಪಿನ ವಿನ್ಯಾಸವೆಂದರೆ ಎಲ್ಲೋ ಪರದೇಶದ ಮಾತೆಂದು ಭಾವಿಸುವವರಿಗೆ ರಾಯರು ಹೇಳುವ ಒಂದು ಸಂಗತಿ ಇದೆ. 2008ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರ್‌ಗಳ ಜೆಯಾನ್ 7400 ಪ್ರೊಸೆಸರನ್ನು ವಿನ್ಯಾಸ ಮಾಡಿದ್ದು ಬೆಂಗಳೂರಿನ ತಂಡ. 190 ಕೋಟಿ ಟ್ರಾನ್ಸಿಸ್ಟರುಗಳ ಚಿಪ್ಪು ಅದು.

ಬೋರ್ಡಿನದು ವಿಚಿತ್ರ. ಪ್ರೊಸೆಸರು ಹಳೆಯದು, ಅದನ್ನು ಕೂರಿಸುವ ಎಚ್81 ಬೋರ್ಡು ಮಾತ್ರ ಹೊಚ್ಚ ಹೊಸದು, ಸೀಲು ಒಡೆಯದ ಡಬ್ಬಿ. ಇಂಟೆಲ್ ಎಂದೋ ಮುಂದೆ ಸಾಗಿದ್ದರೂ, ಲಕ್ಷಾಂತರ ಹಳೇ ಪ್ರೊಸೆಸರುಗಳು ಜಗತ್ತಿನಲ್ಲಿ ಬದುಕಿವೆಯೆಂದು ಚೀನಾದ ಕಾರ್ಖಾನೆಗಳು ಅವಕ್ಕಾಗಿ ಹೊಸ ಬೋರ್ಡು ಮಾಡುತ್ತಲೇ ಇವೆ. ಹುಡುಗ ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೆಯೇ ಇಟ್ಟ. ಸಾಕೆಟ್ಟಿನ ಕೊಕ್ಕೆ ಎತ್ತಿ ಪ್ರೊಸೆಸರನ್ನು ಇಳಿಸಿದ, ಒತ್ತಲಿಲ್ಲ. ಅದು ತನ್ನ ತೂಕದಿಂದಲೇ ಕೂರಬೇಕಂತೆ. ರ‍್ಯಾಮ್ ಸಿಕ್ಕಿಸಿದ. ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಎರಡು ಪಿನ್ನುಗಳನ್ನು ಒಂದು ಕ್ಷಣ ಸೇರಿಸಿದ. ಫ್ಯಾನು ತಿರುಗಿತು. ಗೋಡೆಯ ಮಾನಿಟರಿನಲ್ಲಿ ಬಿಳಿ ಅಕ್ಷರಗಳು ಮೂಡಿದವು.

"ಡಿಸ್‌ಪ್ಲೇ ಬಂತು ಸಾರ್."

ಅವನಿಗೆ ಅದು ದಿನನಿತ್ಯದ ಮಾತು. ನಮ್ಮ ಹುಡುಗಿ ಚಪ್ಪಾಳೆ ತಟ್ಟಿಬಿಟ್ಟಳು, ಪಕ್ಕದ ಅಂಗಡಿಯವರೂ ತಿರುಗಿ ನೋಡಿ ನಕ್ಕರು.

ರ‍್ಯಾಮ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ನಾವು ಕೊಂಡದ್ದು ಡಿಡಿಆರ್3 ಜಾತಿಯ 8 ಜಿಬಿ, ಸೆಕೆಂಡ್ ಹ್ಯಾಂಡು. ಇದರಲ್ಲಿ ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರು, ಒಂದು ಪುಟಾಣಿ ಕೆಪಾಸಿಟರು. ಐಬಿಎಂನ ರಾಬರ್ಟ್ ಡೆನಾರ್ಡ್ 1960ರ ದಶಕದಲ್ಲಿ ಕಂಡುಹಿಡಿದ ರಚನೆಯೇ ಇನ್ನೂ ನಡೆದಿದೆ. ಕೆಪಾಸಿಟರಿನಲ್ಲಿ ವಿದ್ಯುತ್ತು ನಿಲ್ಲುವುದಿಲ್ಲ, ಸೋರುವ ಕೊಡದ ಹಾಗೆ. ತುಂಬಿಸುತ್ತಲೇ ಇರಬೇಕು. 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಲಾಗುತ್ತದೆ. ಎಲ್ಲವೂ ಅಂದರೆ ಎಷ್ಟು? 8 ಜಿಬಿಯಲ್ಲಿ 6,800 ಕೋಟಿಗೂ ಹೆಚ್ಚು ಕೊಡಗಳಿವೆ. ನೀವು ಕಂಪ್ಯೂಟರಿನ ಮುಂದೆ ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಸೆಕೆಂಡಿಗೆ ಹದಿನೈದು ಸಲ ಈ ಕೆಲಸ ನಡೆಯುತ್ತಿರುತ್ತದೆ. ಇದನ್ನು ರಾಯರು ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದಾಗ ಮಾರುವ ಹುಡುಗನೂ ಕೈಲಿದ್ದ ಫೋನು ಕೆಳಗಿಟ್ಟು ಕೇಳಿದ. "ಅದಕ್ಕೇ ಕರೆಂಟ್ ಹೋದ್ರೆ ರ‍್ಯಾಮಲ್ಲಿ ಇದ್ದಿದ್ದೆಲ್ಲ ಹೋಗೋದಾ ತಾತ?" ಎಂದಳು ಹುಡುಗಿ. ಹೌದು, ಅದಕ್ಕೇ.

"ರ‍್ಯಾಮ್ ರೇಟು ಏರ್ತಾ ಇದೆ ಸಾರ್, ಎಲ್ಲಾ ಎಐ ಕಂಪನಿಗಳೇ ತಗೊಳ್ತಾವ್ರೆ," ಎಂದ ಅವನು. ಸಾವಿರಾರು ಮೈಲಿ ದೂರದ ಡೇಟಾ ಸೆಂಟರುಗಳ ಹಸಿವು ನಗರ್ತಪೇಟೆ ಪಕ್ಕದ ಬೀದಿಯಲ್ಲಿ ಒಂದು ಬಿಲ್ಲಿನ ಮೇಲೆ ಕಾಣಿಸಿಕೊಳ್ಳುವ ಕಾಲ ಇದು.

ಹೊಸದೇ ಬೇಕು ಎಂದು ರಾಯರು ಹಟ ಹಿಡಿದದ್ದು ಎರಡಕ್ಕೆ: ಹಾರ್ಡ್‌ಡಿಸ್ಕಿನ ಜಾಗಕ್ಕೆ ಬರುವ ಎಸ್‌ಎಸ್‌ಡಿ ಮತ್ತು ಕರೆಂಟು ಹಂಚುವ ಎಸ್‌ಎಂಪಿಎಸ್. ಹಳೇ ಯಂತ್ರ ನಿಧಾನವೆಂದು ಜನ ಎಸೆಯುತ್ತಾರಲ್ಲ, ಮುಕ್ಕಾಲು ಪಾಲು ನಿಧಾನ ಹಾರ್ಡ್‌ಡಿಸ್ಕಿನದು. ಅದರ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗಿದರೂ ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡು ಬೇಕು. ಓದುವ ಮುಳ್ಳು ಜಾಗಕ್ಕೆ ಸರಿಯಲು ಇನ್ನೂ ಅಷ್ಟೇ ಹೊತ್ತು. ಸೆಕೆಂಡಿಗೆ 320 ಕೋಟಿ ಮಿಡಿಯುವ ಪ್ರೊಸೆಸರು ಅಷ್ಟೂ ಹೊತ್ತು ಕಾಯುತ್ತ ಕೂರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿ ಅದು. ಎಲೆಕ್ಟ್ರಾನುಗಳನ್ನು ನಿರೋಧಕ ಪದರದ ಹಿಂದೆ ಬಂಧಿಸಿಡುತ್ತದೆ, ಕರೆಂಟು ತೆಗೆದರೂ ಅವು ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಹುಡುಕಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಬಜೆಟ್ಟಿನಲ್ಲಿ ಕಂಪ್ಯೂಟರು ಮಾಡಿಸುವವರು ಬೇರೆ ಎಲ್ಲಿ ಬೇಕಾದರೂ ಹಳೆಯದಕ್ಕೆ ಒಪ್ಪಲಿ, ಈ ಎರಡರಲ್ಲಿ ಮಾತ್ರ ಒಪ್ಪಬಾರದು.

ಎಸ್‌ಎಂಪಿಎಸ್ ವಿಷಯದಲ್ಲಿ ರಾಯರ ದನಿಯೇ ಬೇರೆ. ಅಗ್ಗದ್ದು ತೋರಿಸಿದ ಅಂಗಡಿಯಿಂದ ಎದ್ದೇ ಬಂದರು. ಎಸ್‌ಎಂಪಿಎಸ್ ಮನೆಯ 230 ವೋಲ್ಟನ್ನು ಹಿಡಿದು, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, 12, 5 ಮತ್ತು 3.3 ವೋಲ್ಟಾಗಿ ಇಳಿಸಿ ಹಂಚುತ್ತದೆ. ಪ್ರೊಸೆಸರಿನ ಬಳಿ ಬೋರ್ಡು ಅದನ್ನು ಇನ್ನೂ ಇಳಿಸುತ್ತದೆ, ಕೊನೆಗೆ ಪ್ರೊಸೆಸರಿನೊಳಗೆ ಅದು ಸುಮಾರು ಒಂದು ವೋಲ್ಟಾಗುತ್ತದೆ. ಒಳಗಿನ ಕೆಪಾಸಿಟರುಗಳು ಬಿಸಿಗೆ ವರ್ಷದಿಂದ ವರ್ಷ ಒಣಗುತ್ತವೆ, ತಲೆ ಉಬ್ಬುತ್ತದೆ. ಅದು ಕೆಟ್ಟರೆ ತಾನೊಂದೇ ಹೋಗುವುದಿಲ್ಲ, ಬೋರ್ಡನ್ನೂ ಡಿಸ್ಕನ್ನೂ ಎಳೆದುಕೊಂಡು ಹೋಗುತ್ತದೆ. ರಾಯರು ಒಳ್ಳೆಯದನ್ನೇ ಆರಿಸಿ, ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸೇರಿಸಿ ಚಾಲೂ ಮಾಡಿ, ಮಲ್ಟಿಮೀಟರು ಹಿಡಿದು ಅಳೆದ ಮೇಲೆಯೇ ದುಡ್ಡು ಕೊಡಿಸಿದರು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಗಿ, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಬೆಳಗಿಸಿತು. ನೂರಿಪ್ಪತ್ತು ವರ್ಷದ ಹಿಂದೆ ಇದೇ ಮಾರ್ಕೆಟ್ ಆಸುಪಾಸಿನ ಜನ ದೀಪದ ಕೆಳಗೆ ಬೆರಗಿನಿಂದ ನಿಂತಿರಬೇಕು. ಮಲ್ಟಿಮೀಟರಿನಲ್ಲಿ 12.1 ಎಂದು ಮೂಡಿದಾಗ ನನಗೂ ಅಂಥದ್ದೇ ಏನೋ ಆಯಿತು.

ಥರ್ಮಲ್ ಪೇಸ್ಟು, ವೈಫೈ ಡಾಂಗಲ್ಲು, ಮೌಸು. ಇವೆಲ್ಲ ಬೇಗ ಆದವು. ಎಲ್ಲ ಸೇರಿ ಹನ್ನೊಂದು ಸಾವಿರದ ಚಿಲ್ಲರೆ. ಪ್ರೊಸೆಸರಿನ ಡಬ್ಬಿ ರಾಯರ ಬಟ್ಟೆ ಚೀಲದಲ್ಲಿ, ಮಲ್ಟಿಮೀಟರಿನ ಪಕ್ಕ. ಮೆಟ್ರೋದಲ್ಲಿ ನಿಂತ ಜನರ ನಡುವೆ ನೂರನಲವತ್ತು ಕೋಟಿ ಟ್ರಾನ್ಸಿಸ್ಟರುಗಳು ಯಾರಿಗೂ ಗೊತ್ತಾಗದಂತೆ ಸಂಪಿಗೆ ರಸ್ತೆಗೆ ಬಂದಿಳಿದವು.

ಜೋಡಣೆ ರಾಯರ ಮನೆಯ ಊಟದ ಮೇಜಿನ ಮೇಲೆ ನಡೆಯಿತು. ಸ್ಕ್ರೂಡ್ರೈವರು ಹುಡುಗಿಯ ಕೈಯಲ್ಲಿ. ರಾಯರು ಬೆರಳು ತೋರಿಸಿದ್ದಷ್ಟೇ. ಬೋರ್ಡು ಇಳಿಸಿದಳು. ಹಿತ್ತಾಳೆ ಕಾಲುಗಳ ಮೇಲೆ ತೂತುಗಳು ಬಂದು ನಿಂತವು, ಒಂದು ಕೂದಲೆಳೆ ಆಚೀಚೆ ಇಲ್ಲದೆ. ಡಬ್ಬಿ ಮಾಡಿದವರು ಈ ಬೋರ್ಡನ್ನು ಕಂಡಿರಲಿಲ್ಲ. ಬೋರ್ಡು ಮಾಡಿದವರಿಗೆ ಈ ಡಬ್ಬಿಯ ಅರಿವಿಲ್ಲ. 1987ರ ವಿಜಿಎ, 1995ರ ಎಟಿಎಕ್ಸ್, 2013ರ ಪ್ರೊಸೆಸರು, ಈ ವರ್ಷ ತಯಾರಾದ ಎಸ್‌ಎಸ್‌ಡಿ ಎಲ್ಲ ಒಂದೇ ಡಬ್ಬಿಯೊಳಗೆ ಒಂದನ್ನೊಂದು ಗುರುತಿಸಿ ಮಾತಾಡತೊಡಗಿದವು. ಎಲ್ಲವೂ ಒಂದೇ ಕಂಪನಿಯಿಂದ ಅಂಟು ಹಾಕಿ ಮುಚ್ಚಿ ಬರುವ ಯಂತ್ರಗಳಲ್ಲಿ ಈ ಔದಾರ್ಯವಿಲ್ಲ. ಅವು ಕೆಟ್ಟರೆ ಪೂರ್ತಿ ಕೆಡುತ್ತವೆ. ಇದರ ಒಂದು ಅಂಗ ಕೆಟ್ಟರೆ ಆ ಅಂಗಕ್ಕಷ್ಟೇ ಎಸ್.ಪಿ. ರೋಡಿಗೆ ಹೋದರಾಯಿತು. ನನ್ನ ಮಟ್ಟಿಗೆ ಕಂಪ್ಯೂಟರ್ ಎಂದರೆ ಇನ್ನು ಮುಂದೆ ಹೀಗೆ ಬಿಚ್ಚಿ ಕಟ್ಟಲು ಬರುವಂಥದ್ದೇ.

ಪೆನ್‌ಡ್ರೈವಿನಿಂದ ಲಿನಕ್ಸ್ ಮಿಂಟ್ ಹಾಕಿದೆವು. ಲೈಸೆನ್ಸಿಗೆ ದುಡ್ಡಿಲ್ಲ, ಹಳೇ ಪ್ರೊಸೆಸರು ಎಂದು ಮುಖ ತಿರುಗಿಸುವುದೂ ಇಲ್ಲ. ಕಾಫಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಸಿದ್ಧವಾಯಿತು. ಹುಡುಗಿ ಕನ್ನಡದ ಕೀಲಿಮಣೆ ಆರಿಸಿದಳು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಅಲ್ಲೂ ಇದೆ. ಕನ್ನಡದ ಸಾವಿರಾರು ಗುಣಿತಾಕ್ಷರ ಒತ್ತಕ್ಷರಗಳಿಗೆ ಒಂದೊಂದು ಕೀಲಿ ಇಡಲಾಗದು. ವ್ಯಂಜನ, ಸ್ವರ, ಮತ್ತು ಒತ್ತು ಕೊಡಲು ಒಂದು 'ಎಫ್' ಕೀಲಿ ಇದ್ದರೆ ಇಂಗ್ಲಿಷಿನ ಅದೇ ಹಳೇ ಕೀಬೋರ್ಡು ಸಾಕು ಎಂದು ಅವರು ಕಂಡುಕೊಂಡರು. ರಾಯರ ಅಟ್ಟದ ಕೀಬೋರ್ಡು ಮೊದಲ ಸಲ ಕನ್ನಡ ಬರೆಯಿತು.

ಆಮೇಲೆ ರಾಯರು ಒಂದು ಲೆಕ್ಕ ಹಾಕಿದರು, ಕಾಗದದ ಮೇಲೆ, ಪೆನ್ಸಿಲಿನಲ್ಲಿ. ನಾಲ್ಕು ಕೋರ್, ಸೆಕೆಂಡಿಗೆ 320 ಕೋಟಿ ಮಿಡಿತ, ಮಿಡಿತಕ್ಕೆ ಗರಿಷ್ಠ 16 ದಶಾಂಶ ಲೆಕ್ಕ. ಗುಣಿಸಿದರೆ ಸೆಕೆಂಡಿಗೆ 20,000 ಕೋಟಿ ಚಿಲ್ಲರೆ. "ಇದನ್ನ ಕ್ರೇ ಜೊತೆ ಹೋಲಿಸಿ ನೋಡಮ್ಮ," ಎಂದರು. 1980ರ ದಶಕದಲ್ಲಿ ನಮ್ಮ ಮನೆಯಿಂದ ನಡೆದು ಹೋಗಬಹುದಾದಷ್ಟು ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಗೆ ಬೇಕಿದ್ದ ಕ್ರೇ ಸೂಪರ್‌ಕಂಪ್ಯೂಟರಿಗೆ ಅಮೆರಿಕ ಒಪ್ಪಲಿಲ್ಲ. ಬಹಳ ಮಾತುಕತೆಯ ಮೇಲೆ ಕಡಿಮೆ ಶಕ್ತಿಯ ಕ್ರೇ ಎಕ್ಸ್-ಎಂಪಿ/14 ಒಂದು ಹವಾಮಾನ ಮುನ್ಸೂಚನೆಗೆಂದು ದೆಹಲಿಗೆ ಬಂತು. ಅದರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 20 ಕೋಟಿ ಲೆಕ್ಕ. ಮೆಮೊರಿ 32 ಎಂಬಿ. ನಮ್ಮ ಊಟದ ಮೇಜಿನ ಮೇಲಿನದು, ಕಾಗದದ ಲೆಕ್ಕದಲ್ಲಿ, ಅದರ ಸಾವಿರ ಪಟ್ಟು. ರ‍್ಯಾಮು 256 ಪಟ್ಟು.

ಆ ನಿರಾಕರಣೆಯ ದಿನಗಳಲ್ಲೇ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದರು. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಅವರ ಸಂಸ್ಥೆಯವರು ಬಜಾರಿನಲ್ಲಿ ಸಿಗುವಂಥ ಇಂಟೆಲ್ 8086 ಪ್ರೊಸೆಸರುಗಳನ್ನೇ ತಂದು ಜೋಡಿಸಿ, ಒಟ್ಟಿಗೆ ದುಡಿಯುವಂತೆ ಮಾಡಿ, 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರು ನಿಲ್ಲಿಸಿದರು. ಗಾಳಿಯ ಹರಿವಿನ ಸಮೀಕರಣ ಬಿಡಿಸುವ ಯಂತ್ರ. ಒಂದು 8086ರಲ್ಲಿ ಇದ್ದದ್ದು 29,000 ಟ್ರಾನ್ಸಿಸ್ಟರು. ಕೇಳಿದ್ದು ಸಿಗದಿದ್ದಾಗ ಸಿಗುವುದನ್ನು ಕೂಡಿಸಿ ಕಟ್ಟಿದವರ ಊರು ಇದು. ಹುಡುಗಿಗೆ ಫ್ಲೋಸಾಲ್ವರ್ ಹೆಸರು ಗೊತ್ತಿರಲಿಲ್ಲ. ಅವತ್ತು ರಾತ್ರಿ ಅವಳು ಹೊಸ ಕಂಪ್ಯೂಟರಿನಲ್ಲಿ ಮೊದಲು ಹುಡುಕಿ ಓದಿದ್ದು ಅದನ್ನೇ.

ಉಳಿದದ್ದು ರಾಯರ ಸತ್ತ ಬೋರ್ಡು, ಉಬ್ಬಿದ ಹಳೇ ಎಸ್‌ಎಂಪಿಎಸ್, ಮುಗಿದ ಬಟನ್ ಬ್ಯಾಟರಿ. ಇವನ್ನು ಕಸದ ಗಾಡಿಗೆ ಹಾಕಲು ರಾಯರು ಬಿಡಲಿಲ್ಲ. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಿಂದ ಇ-ಪರಿಸರ ಎಂಬ ಕೇಂದ್ರವಿದೆ, ಇಂಥ ಬೋರ್ಡುಗಳಿಂದ ತಾಮ್ರವನ್ನೂ ಚಿನ್ನವನ್ನೂ ಹೊರತೆಗೆಯುತ್ತಾರೆ. ಬೀದಿಯ ನಾಲ್ಕಾರು ಮನೆಯವರಿಂದ ಸೇರಿಸಿ ಒಟ್ಟಿಗೆ ಕಳಿಸೋಣ ಎಂದು ಡಬ್ಬಿಯೊಂದನ್ನು ತಮ್ಮ ಗೇಟಿನ ಒಳಗಿಟ್ಟಿದ್ದಾರೆ. ಅದಕ್ಕೂ ಮುನ್ನ ಹುಡುಗಿ ಸತ್ತ ಬೋರ್ಡಿನಿಂದ ಹೀಟ್‌ಸಿಂಕು, ಸಣ್ಣ ಸ್ಪೀಕರು, ಒಂದು ಮುಷ್ಟಿ ಸ್ಕ್ರೂ ಬಿಚ್ಚಿಟ್ಟುಕೊಂಡಿದ್ದಾಳೆ. ಗುಟ್ಟಹಳ್ಳಿಯ ಅವಳ ಗೆಳತಿಯ ಮನೆಯಲ್ಲೂ ಹಳೇ ಕ್ಯಾಬಿನೆಟ್ಟು ಒಂದು ಇದೆಯಂತೆ. ಅವರ ಬಜೆಟ್ 12,000. ಬರುವ ಶನಿವಾರ ಹೊರಡಬೇಕು, ಮಲ್ಟಿಮೀಟರಿಗೆ ಹೊಸ ಸೆಲ್ ತರಲು ಹೇಳಿದ್ದಾಳೆ.